ಬಿಡ್ತು ಅನ್ನು

ನಮ್ಮ ಕೊಪ್ಪಲಿಗೂ ಪಾಂಡವಪುರದ ಟಾರು ರಸ್ತೆಗೂ ನಡುವೆ
ಒಂದು ನಾಲೆ. ನಾಲೆಯ ಮೇಲೊಂದು ಚಪ್ಪಡಿ.
ಏಳು ಮೊಳ ಉದ್ದ,
ಎರಡು ಎತ್ತು ಜೊತೆಯಾಗಿ ನಡೆಯಲಾರದಷ್ಟು ಅಗಲ.

ಏಳನೇ ಕ್ಲಾಸಿನಲ್ಲಿದ್ದಾಗ ಅದರಲ್ಲೊಂದು ಗೆರೆ ಕಂಡೆ,
ಕೂದಲೆಳೆಯಂಥದು.
ಯಾರೋ ಬಳಪದಲ್ಲಿ ಗೀಚಿದ್ದಾರೆಂದು
ಉಗುಳು ಹಚ್ಚಿ ಒರೆಸಿದೆ. ಹೋಗಲಿಲ್ಲ.

"ಅವ್ವಾ, ಚಪ್ಪಡಿ ಮುರೀತದೆ" ಅಂದೆ.
ಒಲೆ ಊದುತ್ತಿದ್ದ ಅವ್ವ ಊದುಗೊಳವೆ ಕೆಳಗಿಟ್ಟು
"ಥೂ, ದೀಪ ಹಚ್ಚೋ ಹೊತ್ನಲ್ಲಿ! ಬಿಡ್ತು ಅನ್ನು.
ಅಸ್ತು ದೇವತೆಗಳು ಓಡಾಡ್ತಿರ್ತವೆ" ಅಂದಳು.
ಬಿಡ್ತು, ಅಂದೆ.
ಮಾರನೆಯ ದಿನವೂ ಗೆರೆ ಅಲ್ಲೇ ಇತ್ತು.
ದೇವತೆಗಳು ಬಹುಶಃ ನಾಲೆ ದಾಟುತ್ತಿರಲಿಲ್ಲ.

ಬರಬರುತ್ತ ಊರಿಗೇ ಅಭ್ಯಾಸವಾಯಿತು.
ಎತ್ತು ಹೊಡೆದುಕೊಂಡು ಬರುವ ಚಲುವೇಗೌಡ
"ಏನೂ ಆಗಾಕಿಲ್ಲ, ನಡಿ ಮಗ" ಎಂದು ಬೆನ್ನು ತಟ್ಟುವನು.
ಎತ್ತು ಮಾತ್ರ ಕಲ್ಲು ಮೂಸಿ, ಎಡಕ್ಕೆ ಸರಿದು ದಾಟುವುದು.
ಅದಕ್ಕೆ ಒಳ್ಳೆಯ ಯೋಚನೆ ಬರುತ್ತಿರಲಿಲ್ಲ, ಪಾಪ.

ಮೈಸೂರಿನಲ್ಲಿ ಮೂರು ದಿನದ ಶಿಬಿರ ಮುಗಿಸಿ ಬಂದ
ಡೇರಿ ಕಾರ್ಯದರ್ಶಿ ಶಿವನಂಜು
ರಸ್ತೆಯಾಚೆಯ ಡೇರಿ ಜಗುಲಿಯಲ್ಲಿ ನಮ್ಮನ್ನೆಲ್ಲ ಕೂರಿಸಿ
ಕಣ್ಣು ಮುಚ್ಚಿಸಿದ. "ಹೊಸ ಸೇತುವೆ ಕಾಣ್ತಾ ಇದ್ಯಾ?"
ಕಾಣ್ತಾ ಇದೆ, ಅಂದೆವು.
ನಿಜಕ್ಕೂ ಕಂಡಿತು: ಎರಡೂ ಬದಿಗೆ ಕಟಕಟೆ, ತುದಿಗೊಂದು ದೀಪ.
ನಾನಂತೂ ನನ್ನದಕ್ಕೆ ಹಸಿರು ಬಣ್ಣ ಹೊಡೆಸಿದ್ದೆ.
ಆಮೇಲೆ ಕಣ್ಣು ಬಿಟ್ಟು ಮನೆಗೆ ಹೋದೆವು,
ಅದೇ ಚಪ್ಪಡಿಯ ಮೇಲೆ, ಒಬ್ಬೊಬ್ಬರಾಗಿ.

ಅರ್ಜಿ? ಬರೆಯಬಹುದಿತ್ತು.
ನಾನೇ ಬರೆಯಬಹುದಿತ್ತು, ನನ್ನ ಅಕ್ಷರ ದುಂಡಗಿತ್ತು.
ಬರೆದರೆ ಕಲ್ಲು ಬಿರಿದಿದೆ ಎಂದು ಬರೆಯಬೇಕಲ್ಲ,
ಕೆಟ್ಟದ್ದನ್ನು ಕೈಯಾರೆ?

ಆ ಆಷಾಢ ಕನ್ನಂಬಾಡಿಯಿಂದ ನೀರು ಬಿಟ್ಟಿದ್ದರು.
"ಬಸ್ಸು ಬಿಡ್ತು!" ಎಂದು ಆಚೆಯಿಂದ ಯಾರೋ ಕೂಗಿದರು.
ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡಿದ್ದ ಕುಳ್ಳೀರ
ಜೋರಾಗಿ ತುಳಿದ.
ಚಪ್ಪಡಿ ಸದ್ದು ಮಾಡಲಿಲ್ಲ.
ಮಾತು ಕೊಟ್ಟು ಮರೆತವರಂತೆ ಸುಮ್ಮನೆ ಕೆಳಗಿಳಿಯಿತು.
ಹುಡುಗ ಹುಲ್ಲು ಹಿಡಿದು ಏರಿ ಹತ್ತಿದ.
ಸೈಕಲ್ಲು ಮೂರನೆಯ ದಿನ ತೂಬಿನ ಹತ್ತಿರ ಸಿಕ್ಕಿತು.
ಇಪ್ಪತ್ತೆರಡು ಲೀಟರು ಹಾಲು
ಕಬ್ಬಿನ ಗದ್ದೆಗಳ ನಡುವೆ ಒಂದು ಮಾರು ಬೆಳ್ಳಗೆ ಹರಿದು
ಆಮೇಲೆ ಕೆಸರಿನ ಬಣ್ಣವೇ ಆಯಿತು.

"ನೋಡಿದ್ರಾ, ಜೀವಕ್ಕೇನೂ ಆಗ್ಲಿಲ್ಲ!
ಒಳ್ಳೇದು ನೆನೆದದ್ದಕ್ಕೇ ಉಳಿದ"
ಎಂದರು ಏರಿಯ ಮೇಲೆ ನಿಂತವರು.
ನಾನೂ ತಲೆಯಾಡಿಸಿದೆ.
ಈಗ ಹೇಳಿಕೊಳ್ಳಲು ನಾಚಿಕೆ.

ಕೆಂಪಾಜಮ್ಮ (ಹಾಲು ಅವಳದು)
ಏನೂ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ
ನೀರುಗಂಟಿಯ ಮನೆಗೆ ಹೋಗಿ ತೂಬು ಇಳಿಸಿಸಿದಳು.
ಆಲೆಮನೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ
ಕಬ್ಬಿಣದ ತೊಲೆಗಳ ಬೆಲೆ ಕೇಳಿದಳು, ಬೈದಳು, ಕೊಂಡಳು.
ಹಾರೆ ಹಿಡಿದ ಮೇಲೆ ಅವಳ ಬಾಯಲ್ಲಿ ಬರೀ ಕೆಟ್ಟದ್ದೇ:
"ಎರಡೇ ಆದ್ರೆ ಇದೂ ಮುರೀತದೆ ಕಣ್ರೋ, ಇನ್ನೊಂದು ತನ್ನಿ.
ಈ ಕಡೆ ಮಣ್ಣು ಕುಸೀತದೆ, ಕಲ್ಲು ತುಂಬಿ.
ಕತ್ಲಲ್ಲಿ ಯಾವನಾರ ಕುಡಿದು ಬೀಳ್ತಾನೆ, ತಡೆ ಕಟ್ಟಿ."
ಒಂದೊಂದು ಮಾತಿಗೂ ನಮ್ಮವ್ವ
"ಬಿಡ್ತು ಅನ್ನೇ, ಬಿಡ್ತು ಅನ್ನು" ಎನ್ನುತ್ತಲೇ
ಬಾಂಡಲಿ ತುಂಬ ಕಲ್ಲು ಹೊತ್ತು ತಂದು ಸುರಿದಳು.

ನಾನೂ ಇಳಿದೆ.
ಹಳೆಯ ಚಪ್ಪಡಿಯ ತುಂಡನ್ನು ಬುಡಕ್ಕೆ ಒತ್ತುವಾಗ
ಅದೇ ಗೆರೆ, ಈಗ ಅಂಚಾಗಿ, ಅಂಗೈಗೆ ತಾಗಿತು.
ಎಷ್ಟು ವರ್ಷದಿಂದ ಕಲ್ಲು ತಾನೇ ಹೇಳುತ್ತಿತ್ತು,
ಬಿರುಕು ಬಿಡ್ತು, ಬಿರುಕು ಬಿಡ್ತು ಎಂದು.
ನಾವು ಕೊನೆಯ ಪದವನ್ನಷ್ಟೇ ಕೇಳಿಸಿಕೊಂಡಿದ್ದೆವು.